ಮೀನಿನ ಈಜುವೇಗದ ಮಾಪನ: ಪ್ರಯೋಗಾಲಯದ ಅಂಕಿ ಮತ್ತು ನದಿಯ ಹರಿವು

ನದಿಗೆ ಅಡ್ಡಲಾಗಿ ಅಣೆಕಟ್ಟನ್ನೋ ರಸ್ತೆಯಡಿ ಮೋರಿಯನ್ನೋ ಕಟ್ಟುವ ಎಂಜಿನಿಯರರು ವಲಸೆ ಮೀನುಗಳ ದಾರಿಯನ್ನು ಉಳಿಸಬೇಕಾದಾಗ ಜೀವಶಾಸ್ತ್ರಜ್ಞರಲ್ಲಿ ಕೇಳುವುದು ಒಂದೇ ಅಂಕಿಯನ್ನು: ಈ ಮೀನು ಎಷ್ಟು ವೇಗದ ನೀರನ್ನು ಎದುರಿಸಿ ಮೇಲೇರಬಲ್ಲದು? ಉತ್ತರವು ಬಹುಮಟ್ಟಿಗೆ ಪ್ರಯೋಗಾಲಯದಿಂದ ಬರುತ್ತದೆ. ಅದು ತಪ್ಪಿದರೆ ಮೀನು ಮೊಟ್ಟೆಯಿಡುವ ನೆಲೆಯನ್ನು ತಲುಪಲಾರದು. ಆದುದರಿಂದ ಆ ಅಂಕಿ ಹುಟ್ಟುವ ಬಗೆಯನ್ನು ಪರಿಶೀಲಿಸುವುದು ಅಗತ್ಯ.

ಇಂದಿಗೂ ಬಳಕೆಯಲ್ಲಿರುವ ಪರೀಕ್ಷಾಕ್ರಮವನ್ನು ನೆಲೆಗೊಳಿಸಿದವರು ಕೆನಡಾದ ಜೆ. ಆರ್. ಬ್ರೆಟ್. ನನೈಮೊದ ಜೈವಿಕ ಕೇಂದ್ರದಲ್ಲಿ ಎಳೆಯ ಸಾಕೈ ಸಾಲ್ಮನ್ ಮೀನುಗಳ ಮೇಲೆ ಅವರು ನಡೆಸಿದ ಅಧ್ಯಯನವು 1964ರಲ್ಲಿ ಪ್ರಕಟವಾಯಿತು. ಮುಚ್ಚಿದ ಸುರಂಗದಲ್ಲಿ ಮೀನನ್ನಿಟ್ಟು ನೀರನ್ನು ಎದುರಾಗಿ ಹರಿಸಲಾಗುತ್ತದೆ. ವೇಗವನ್ನು ನಿಗದಿತ ಅವಧಿಗೊಮ್ಮೆ ಹಂತಹಂತವಾಗಿ ಏರಿಸಲಾಗುತ್ತದೆ. ಮೀನು ಹಿಂಬದಿಯ ಜಾಲರಿಗೆ ಒರಗಿ ಮತ್ತೆ ಈಜದಿದ್ದಾಗ ಅದು ದಣಿಯಿತೆಂದು ಎಣಿಸಲಾಗುತ್ತದೆ. ಹೀಗೆ ದೊರೆಯುವುದೇ ನಿರ್ಣಾಯಕ ಈಜುವೇಗ. ಉದಾಹರಣೆಗೆ, ಹಂತದ ಏರಿಕೆ ಸೆಕೆಂಡಿಗೆ 10 ಸೆಂ.ಮೀ., ಅವಧಿ 60 ನಿಮಿಷ ಎಂದುಕೊಳ್ಳೋಣ. 60 ಸೆಂ.ಮೀ. ವೇಗದ ಹಂತವನ್ನು ಪೂರೈಸಿದ ಮೀನು 70ರ ಹಂತದಲ್ಲಿ 30 ನಿಮಿಷಕ್ಕೆ ಸೋತರೆ, ಆ ಹಂತದ ಅರ್ಧವನ್ನು ಮಾತ್ರ ಸೇರಿಸಿ 65 ಎಂದು ಲೆಕ್ಕ ಹಾಕಬೇಕು.

ಲೆಕ್ಕ ಸರಳ, ಆದರೆ ಅಂಕಿ ಮೀನೊಂದರದೇ ಅಲ್ಲ. ಅವಧಿಯನ್ನು ಮೊಟಕುಗೊಳಿಸಿದರೆ ಸಾಮಾನ್ಯವಾಗಿ ಅಂಕಿ ಏರುತ್ತದೆ. ನೀರಿನ ಉಷ್ಣತೆಯೂ ಮುಖ್ಯ. ಬ್ರೆಟ್‌ರ ಸಾಲ್ಮನ್‌ಗಳ ಸಾಮರ್ಥ್ಯ 15 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಶಿಖರ ಮುಟ್ಟಿತ್ತು. ದಪ್ಪ ಮೀನು ಇಕ್ಕಟ್ಟಾದ ಸುರಂಗದಲ್ಲಿದ್ದರೆ ಅದರ ಸುತ್ತಲಿನ ನೀರು ಇನ್ನಷ್ಟು ವೇಗವಾಗಿ ಹರಿಯುವುದರಿಂದ ಅದಕ್ಕೂ ತಿದ್ದುಪಡಿ ಬೇಕು. ವೇಗವನ್ನು ದೇಹದ ಉದ್ದದ ಮಾನದಲ್ಲಿ ಹೇಳುವ ರೂಢಿಯೂ ಉಂಟು. ಆ ಮಾನದಲ್ಲಿ ಚಿಕ್ಕ ಮೀನೇ ಮುಂದು, ಸೆಂ.ಮೀ. ಲೆಕ್ಕದಲ್ಲಿ ದೊಡ್ಡದು.

ಇವೆಲ್ಲಕ್ಕಿಂತ ತೊಡಕಿನದು ದಣಿವಿನ ಪ್ರಶ್ನೆ. ನಿಧಾನದ ಈಜನ್ನು ಕೆಂಪು ಸ್ನಾಯು ಆಮ್ಲಜನಕದ ನೆರವಿನಿಂದ ನಡೆಸುತ್ತದೆ; ವೇಗ ಏರಿದಂತೆ ಬಿಳಿ ಸ್ನಾಯು ಕೂಡಿಕೊಂಡು, ಮೀನು ಚಿಮ್ಮಿ ತೇಲಿ ಮತ್ತೆ ಚಿಮ್ಮುವ ಗತಿಗೆ ತಿರುಗುತ್ತದೆ. ಚಿಮ್ಮಲು ಮುಂದೆ ಜಾಗ ಬೇಕು. ಗಿಡ್ಡ ಸುರಂಗದಲ್ಲಿ ಅದಿಲ್ಲ. ಪೀಕ್ ಮತ್ತು ಫ್ಯಾರೆಲ್ ಸ್ಮಾಲ್‌ಮೌತ್ ಬ್ಯಾಸ್ ಮೀನುಗಳನ್ನು ಕುರಿತು 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸುರಂಗದಲ್ಲಿ ಕಾಣುವ ದಣಿವು ದೇಹಶಕ್ತಿಯ ಕೊನೆಯಲ್ಲ, ವರ್ತನೆಯ ಪ್ರತಿಕ್ರಿಯೆ ಎಂದು ವಾದಿಸಿದರು. ಅದಕ್ಕೂ ಮೊದಲು, 2004ರಲ್ಲಿ, ಪೀಕ್ ಇದೇ ಜಾತಿಯ ಮೀನುಗಳನ್ನು ಉದ್ದನೆಯ ತೆರೆದ ಕಾಲುವೆಯಲ್ಲಿ ಬಿಟ್ಟಾಗ, ಅವು ತಮ್ಮ ನಿರ್ಣಾಯಕ ವೇಗವನ್ನು ಮೀರಿದ ಹರಿವನ್ನೂ ತಾವಾಗಿ ಏರಿದ್ದವು. ಅಂದರೆ ಸುರಂಗದ ಅಂಕಿಯು ಮೀನಿನ ಶಕ್ತಿಯನ್ನು ಕಡಿಮೆಯಾಗಿ ತೋರಿಸಬಲ್ಲದು.

ಹಾಗೆಂದು ಅದನ್ನೇ ಮೋರಿಯ ಹರಿವಿಗೆ ಮಿತಿಯಾಗಿಟ್ಟರೆ ಸುರಕ್ಷಿತವೆನ್ನುವಂತೆಯೂ ಇಲ್ಲ. ನಮ್ಮ ಉದಾಹರಣೆಯ ಮೀನು 65 ಸೆಂ.ಮೀ. ಹರಿವಿನಲ್ಲಿ 65ರ ವೇಗದಲ್ಲಿಯೇ ಈಜಿದರೆ ನಿಂತಲ್ಲೇ ಇರುತ್ತದೆ. ಹರಿವು 55 ಆಗಿದ್ದರೆ ಸೆಕೆಂಡಿಗೆ 10 ಸೆಂ.ಮೀ. ಮುಂದೆ ಸಾಗಿ, 50 ಮೀಟರ್ ಮೋರಿಯನ್ನು ದಾಟಲು 500 ಸೆಕೆಂಡು ತೆಗೆದುಕೊಳ್ಳುತ್ತದೆ. ವೇಗದೊಡನೆ ಮೋರಿಯ ಉದ್ದವನ್ನೂ ತಾಳಿಕೆಯ ಕಾಲವನ್ನೂ ಕೇಳದ ವಿನ್ಯಾಸ ಅಪೂರ್ಣವೆಂದೇ ನಮ್ಮ ಅಭಿಪ್ರಾಯ.

ಈ ಪರೀಕ್ಷೆಗೆ ಒಗ್ಗದ ಮೀನುಗಳೂ ಇವೆ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಬಂಡೆಗೆ ಅಂಟಿಕೊಂಡು ಬಾಳುವ ಬಾಲಿಟೋರಿಡೆ ಕುಟುಂಬದವು ಇದಕ್ಕೆ ನಿದರ್ಶನ. ತಳಕ್ಕೆ ಅಂಟುವ ಇಂತಹ ಮೀನುಗಳು ಹರಿವನ್ನು ಈಜದೆಯೇ ತಡೆದುಕೊಳ್ಳಬಲ್ಲವು. ಆದ್ದರಿಂದ ತಳವಾಸಿಗಳ ವಿಷಯದಲ್ಲಿ, ಎಷ್ಟು ಹರಿವಿಗೆ ಹಿಡಿತ ಜಾರತೊಡಗುತ್ತದೆ ಎಂಬುದನ್ನು ಬೇರೆಯಾಗಿಯೇ ಅಳೆಯಲಾಗುತ್ತದೆ.