ಫೋಟೋ ಉಳಿಯಿತು, ಹೆಸರು ಹೋಯಿತು: ಜಪಾನಿನ ಒಂದು ತೀರ್ಪು ನಮಗೂ ಯಾಕೆ ಮುಖ್ಯ?

ಜಪಾನಿನ ಒಬ್ಬ ವೃತ್ತಿಪರ ಛಾಯಾಗ್ರಾಹಕ ಸುಜುರಾನ್ ಹೂವಿನ ಫೋಟೋ ತೆಗೆದು ತನ್ನ ವೆಬ್‌ಸೈಟಿನಲ್ಲಿ ಹಾಕಿದ್ದರು. ಪುಟ್ಟ ಬಿಳಿ ಗಂಟೆಗಳಂತೆ ನೇತಾಡುವ ಹೂವದು. ಫೋಟೋದ ಅಂಚಿನಲ್ಲಿ ಅವರ ಹೆಸರೂ ಇತ್ತು. ಯಾರೋ ಒಬ್ಬರು ಅದನ್ನು ಕೇಳದೆ ಟ್ವಿಟರ್‌ಗೆ ಹಾಕಿದರು, ಇನ್ನು ಕೆಲವರು ಅದನ್ನು ರೀಟ್ವೀಟ್ ಮಾಡಿದರು. ಆಗ ಟ್ವಿಟರ್ ತನ್ನ ಚೌಕಟ್ಟಿಗೆ ಹೊಂದುವಂತೆ ಫೋಟೋದ ಮೇಲೆ ಕೆಳಗೆ ತಾನೇ ಕತ್ತರಿಸಿ ತೋರಿಸುತ್ತಿತ್ತು. ಹೂವು ಉಳಿಯಿತು, ಹೆಸರು ಮಾಯವಾಯಿತು.

ಛಾಯಾಗ್ರಾಹಕ ಕೋರ್ಟಿಗೆ ಹೋದರು. ಕೇಳಿದ್ದು ಲಕ್ಷಾಂತರ ಯೆನ್ ಪರಿಹಾರ ಅಲ್ಲ, ಹೀಗೆ ಹಂಚಿದವರು ಯಾರು ಎಂಬ ಮಾಹಿತಿ. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಏರಿ, 2020ರ ಜುಲೈ 21ರಂದು ತೀರ್ಪು ಬಂತು. ರೀಟ್ವೀಟ್ ಮಾಡಿದವರು ಛಾಯಾಗ್ರಾಹಕನ ಹೆಸರಿನ ಹಕ್ಕನ್ನು ಉಲ್ಲಂಘಿಸಿದ್ದಾರೆ, ಅವರ ಇಮೇಲ್ ವಿಳಾಸ ಕೊಡಬೇಕು ಎಂದಿತು ಕೋರ್ಟು. ಫೋಟೋ ಮೇಲೆ ಕ್ಲಿಕ್ ಮಾಡಿದರೆ ಪೂರ್ತಿ ಚಿತ್ರ, ಹೆಸರು ಎರಡೂ ಕಾಣುತ್ತಲ್ಲ ಎಂಬ ವಾದ ನಿಲ್ಲಲಿಲ್ಲ. ನೋಡುವವರು ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ ಅಲ್ವೇ! ಕತ್ತರಿಸಿದ್ದು ಯಂತ್ರವೇ ಆದರೂ ಹಂಚಿದವರು ಜವಾಬ್ದಾರಿಯಿಂದ ಪಾರಾಗಲಿಲ್ಲ. ಪೀಠದ ಒಬ್ಬ ನ್ಯಾಯಮೂರ್ತಿ ಇದನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಬಟನ್ ಒತ್ತುವ ಸಾಮಾನ್ಯ ಬಳಕೆದಾರನ ಮೇಲೆ ಇದು ಭಾರವಾದ ಹೊರೆಯೇ ಸರಿ. ಆದರೂ "ನಾನು ಬರೀ ಫಾರ್ವರ್ಡ್ ಮಾಡಿದ್ದು" ಎಂಬ ಮಾತು ಎಲ್ಲಾ ಕಡೆ ನಡೆಯುವುದಿಲ್ಲ ಎಂಬುದಂತೂ ಸ್ಪಷ್ಟ.

ಇದೆಲ್ಲ ನಡೆದದ್ದು ಜಪಾನಿನಲ್ಲಿ ಎಂಬುದು ಸ್ವಾರಸ್ಯದ ಸಂಗತಿ. ತೆಗೆದ ಫೋಟೋವನ್ನು ಆ ಕ್ಷಣವೇ ಇನ್ನೊಬ್ಬರಿಗೆ ಕಳಿಸುವ ಚಟ ಜಗತ್ತಿಗೆ ಹಿಡಿಸಿದ್ದರಲ್ಲಿ ಆ ದೇಶದ ಪಾಲು ದೊಡ್ಡದು. 2000ದ ನವೆಂಬರ್‌ನಲ್ಲಿ ಶಾರ್ಪ್ ಕಂಪನಿಯ ಕ್ಯಾಮೆರಾ ಮೊಬೈಲ್ ಅಲ್ಲಿ ಮಾರುಕಟ್ಟೆಗೆ ಬಂತು. ಅದರ ಚಿತ್ರದ ಗುಣಮಟ್ಟ ಬರೀ 1,10,000 ಪಿಕ್ಸೆಲ್! ಅದಕ್ಕೂ ಮೊದಲು, ರೀಲಿನ ಕಾಲದಲ್ಲಿ, ಸ್ಟುಡಿಯೋದವರ ಬಳಿ ನೆಗೆಟಿವ್ ಇರುತ್ತಿತ್ತು. ಪ್ರಿಂಟ್ ಎಷ್ಟು ಕೈ ದಾಟಿದರೂ ನೆಗೆಟಿವ್ ಯಾರಲ್ಲಿದೆಯೋ ಫೋಟೋ ಅವರು ತೆಗೆದದ್ದು ಎಂದು ಹೇಳಲು ಕಷ್ಟವಿರಲಿಲ್ಲ. ಡಿಜಿಟಲ್ ಬಂದ ಮೇಲೆ ನಕಲು ಯಾವುದು, ಅಸಲು ಯಾವುದು ಗೊತ್ತಾಗುವುದಿಲ್ಲ.

ಆ ಕೊರತೆ ತುಂಬಿದ್ದೂ ಒಂದಿಷ್ಟು ಜಪಾನಿನವರೇ. ಕ್ಯಾಮೆರಾ ಯಾವುದು, ಯಾವ ದಿನ, ಎಷ್ಟು ಹೊತ್ತಿಗೆ ತೆಗೆದದ್ದು ಎಂಬುದನ್ನು ಫೈಲಿನ ಒಳಗೇ ಬರೆದಿಡುವ 'ಎಕ್ಸಿಫ್' ಪದ್ಧತಿಯನ್ನು ಅಲ್ಲಿನ ಎಲೆಕ್ಟ್ರಾನಿಕ್ ಉದ್ಯಮದ ಸಂಘಟನೆ 1995ರಲ್ಲಿ ರೂಪಿಸಿತು. ತೆಗೆದವರ ಹೆಸರನ್ನೂ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಒಮ್ಮೆ ಹಾಕಿದರೆ ಪ್ರತಿ ಫೋಟೋದೊಳಗೆ ಸೇರುತ್ತದೆ. ತೊಂದರೆ ಏನೆಂದರೆ, ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋವಾಗಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ, ಗಾತ್ರವೂ ಕುಗ್ಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಆದರೆ ಎಚ್ಚರ, ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಮನೆ ಎಲ್ಲಿದೆ ಎಂಬುದೂ ಜೊತೆಗೇ ಹೋಗುತ್ತದೆ.

ಹಾಗಾದರೆ ರಜೆಯ ದಿನ ಸಂಘದ ಕಾರ್ಯಕ್ರಮಗಳಿಗೆ, ಮಕ್ಕಳ ಬರ್ತ್‌ಡೇಗೆ ಕ್ಯಾಮೆರಾ ಹಿಡಿದು ಹೋಗುವ ನಮ್ಮವರು ಏನು ಮಾಡಬೇಕು? ಮೊದಲನೆಯದಾಗಿ, ಪೂರ್ತಿ ಗಾತ್ರದ ಮೂಲ ಫೈಲನ್ನು ಯಾರಿಗೂ ಕೊಡದೆ ಜೋಪಾನ ಮಾಡಿ, ಅದೇ ನಿಮ್ಮ ನೆಗೆಟಿವ್. ಜಾಲತಾಣಕ್ಕೆ ಚಿಕ್ಕ ಗಾತ್ರದ ಪ್ರತಿ ಸಾಕು. ಹೆಸರನ್ನು ತೀರಾ ಅಂಚಿಗೆ ಹಾಕಿದರೆ ಸುಜುರಾನ್ ಹೂವಿನ ಗತಿಯೇ, ಸ್ವಲ್ಪ ಒಳಗೆ ಹಾಕಿ. ಯಾರಾದರೂ ಕದ್ದದ್ದು ಕಂಡರೆ ಜಗಳಕ್ಕೆ ಹೋಗುವ ಮೊದಲು ಲಿಂಕ್ ಮತ್ತು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ ಜಾಲತಾಣದ ಕಾಪಿರೈಟ್ ದೂರಿನ ಫಾರ್ಮ್ ತುಂಬಿ. ನೋಂದಣಿ ಮಾಡಿಸಿಲ್ಲವಲ್ಲ ಎಂಬ ಹೆದರಿಕೆ ಬೇಡ. ಭಾರತ, ಜಪಾನ್, ಗಲ್ಫಿನ ಆರೂ ದೇಶಗಳು ಬರ್ನ್ ಒಪ್ಪಂದದಲ್ಲಿವೆ. ಅದರ ಪ್ರಕಾರ ಹಕ್ಕು ನೋಂದಣಿಗಾಗಿ ಕಾಯುವುದಿಲ್ಲ.

ಊರಿನಲ್ಲಿ ಮದುವೆ ಫೋಟೋ ತೆಗೆಯುವವರಿಗೆ ಇನ್ನೊಂದು ವಿಷಯ. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು ಎನ್ನುತ್ತದೆ ಭಾರತದ 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ. ಹೌದು, ತೆಗೆದವರದ್ದಲ್ಲ! ಆದರೆ 'ಇದು ನಾನು ತೆಗೆದದ್ದು' ಎಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಡಿ ಛಾಯಾಗ್ರಾಹಕನ ಬಳಿಯೇ ಉಳಿಯುತ್ತದೆ. ಆಲ್ಬಮ್ ಚಿತ್ರಗಳನ್ನು ನಿಮ್ಮ ಪೇಜಿನಲ್ಲಿ ಹಾಕುವ ಆಸೆ ಇದ್ದರೆ ಅಡ್ವಾನ್ಸ್ ಪಡೆಯುವಾಗಲೇ ಬರೆಸಿಕೊಳ್ಳುವುದು ಒಳ್ಳೆಯದು.

ಇನ್ನು ಫೋಟೋದಲ್ಲಿ ಇರುವವರ ಮಾತು. ಜಪಾನಿನಲ್ಲಿ 2019ರಲ್ಲಿ ಒಬ್ಬ ಯುವಗಾಯಕಿಯ ಸೆಲ್ಫಿಯನ್ನು ದೊಡ್ಡದು ಮಾಡಿ, ಆಕೆಯ ಕಣ್ಣಿನಲ್ಲಿ ಪ್ರತಿಫಲಿಸಿದ ರೈಲು ನಿಲ್ದಾಣವನ್ನು ಗುರುತಿಸಿ, ಮನೆಯವರೆಗೂ ಹಿಂಬಾಲಿಸಿ ಹಲ್ಲೆ ಮಾಡಿದವನು ಸಿಕ್ಕಿಬಿದ್ದ. ಅಲ್ಲಿ ಮಾರುವ ಮೊಬೈಲುಗಳಲ್ಲಿ ಸೈಲೆಂಟ್ ಇಟ್ಟರೂ ಕ್ಯಾಮೆರಾದ ಕ್ಲಿಕ್ ಸದ್ದು ಬರುವುದು ವಾಡಿಕೆ. ಅದು ಕಾನೂನಲ್ಲ, ಕದ್ದು ಫೋಟೋ ತೆಗೆಯುವುದನ್ನು ತಡೆಯಲು ಕಂಪನಿಗಳೇ ಪಾಲಿಸಿಕೊಂಡು ಬಂದದ್ದು. ಯುಎಇಯಲ್ಲಿ ಮಾತ್ರ ಕಾನೂನೇ ಇದೆ. 2021ರ ಸೈಬರ್ ಅಪರಾಧ ಕಾನೂನಿನ 44ನೇ ಕಲಮಿನ ಪ್ರಕಾರ, ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಫೋಟೋ ತೆಗೆದರೆ, ಹಂಚಿದರೆ, ಕನಿಷ್ಠ ಆರು ತಿಂಗಳ ಜೈಲು, 1.5 ಲಕ್ಷದಿಂದ 5 ಲಕ್ಷ ದಿರ್ಹಮ್ ದಂಡ, ಅಥವಾ ಎರಡರಲ್ಲಿ ಒಂದು. ಕ್ಯಾಂಪಿನಲ್ಲಿ ಮಲಗಿರುವ ರೂಮ್‌ಮೇಟಿನ ಫೋಟೋವನ್ನು ತಮಾಷೆಗೆ ಸ್ಟೇಟಸ್ ಹಾಕಿದರೂ ಅವನು ದೂರು ಕೊಡಬಹುದು.