ನಂಜಿಗೆ ಮೊದಲೇ ಒಂದು ಸೂಜಿ

ಸಿಸೇರಿಯನ್‌ಗೆ ಒಳಗೆ ಕರೆದೊಯ್ಯುವ ಮೊದಲು ಮುಂಗೈಯ ಒಳಬದಿಗೆ ಸಣ್ಣ ಸೂಜಿ ಚುಚ್ಚಿ, ಎದ್ದ ಗುಳ್ಳೆಯ ಸುತ್ತ ನರ್ಸ್ ಬಾಲ್‌ಪೆನ್ನಿನಿಂದ ಉರುಟಾಗಿ ಒಂದು ಗೆರೆ ಎಳೆಯುತ್ತಾರೆ. ಮದ್ದು ಮೈಗೆ ಒಗ್ಗುತ್ತದೋ ಇಲ್ಲವೋ ನೋಡುವ ಟೆಸ್ಟ್ ಡೋಸ್ ಅದು. ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಯಾವ ತಾಯಿಗೂ ಮರೆಯುವುದಿಲ್ಲ. ಮುಂದಿನ ಹತ್ತು ವರ್ಷದ ಸೊಂಟನೋವೆಲ್ಲ ಅದರದ್ದೇ ತಲೆಗೆ. ಉರುಟು ಗೆರೆಯೂ ಕೆಲವರಿಗೆ ನೆನಪಿರುತ್ತದೆ. ಅದರ ಹಿಂದೆಯೇ ರಕ್ತನಾಳಕ್ಕೆ ಹೋದ ಆಂಟಿಬಯಾಟಿಕ್ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅದು ತಡೆಯುವ ಸಂಗತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಹಳೆಯ ಹೆಸರಿದೆ: ನಂಜು. ಬದನೆ ನಂಜು, ಹಲಸು ನಂಜು, ಇಂತಿಂಥ ಮೀನು ನಂಜು ಎಂದು ಬಾಣಂತಿಯ ಬಟ್ಟಲಿನಿಂದ ಒಂದೊಂದೇ ದೂರವಾಗುತ್ತವೆ. ಹೆರಿಗೆಯಾಗಿ ಮೂರು ನಾಲ್ಕು ದಿನಕ್ಕೆ ಜ್ವರ ಏರಿ, ಹೆತ್ತವಳು ಸಂಬಂಧವಿಲ್ಲದ ಮಾತು ಬಡಬಡಿಸತೊಡಗಿದರೆ ಅದು ಬಾಣಂತಿ ಸನ್ನಿ. ಪಾಪದ ಬದನೆ ಇದರಲ್ಲಿ ನಿರಪರಾಧಿ. ನಂಜು ಎಷ್ಟೋ ಸಲ ಬಂದದ್ದು ಹೆರಿಗೆ ಮಾಡಿಸಿದವರ ಕೈಯಿಂದ.

ಇದನ್ನು 1847ರಲ್ಲಿ ವಿಯೆನ್ನಾದಲ್ಲಿ ತೋರಿಸಿಕೊಟ್ಟವರು ಇಗ್ನಾಸ್ ಸೆಮ್ಮೆಲ್‌ವೈಸ್. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ವಾರ್ಡಿಗೆ ಬರುತ್ತಿದ್ದವರಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಬಂತು. ಎಲ್ಲರೂ ಹೇಳುವ ಕಥೆ, ಬಿಡೋಣ. ಆಗ ಸಿಸೇರಿಯನ್ ಎಂದರೆ ತಾಯಿಯ ಆಸೆ ಬಿಟ್ಟಂತೆಯೇ. ಕೊಯ್ದ ಗರ್ಭಕೋಶಕ್ಕೆ ಹೊಲಿಗೆ ಹಾಕುವ ಕ್ರಮ ನೆಲೆಯೂರಿದ್ದು 1882ರಲ್ಲಿ ಜರ್ಮನಿಯ ಮಾಕ್ಸ್ ಸೆಂಗರ್ ಅದನ್ನು ವಿವರಿಸಿದ ಮೇಲೆ. 1936ರಲ್ಲಿ ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲೆನರ್ಡ್ ಕೋಲ್‌ಬ್ರೂಕ್ ಸಲ್ಫಾ ಜಾತಿಯ ಪ್ರೊಂಟೊಸಿಲ್ ಕೊಟ್ಟು ಬಾಣಂತಿ ಜ್ವರದ ಸಾವನ್ನು ನೂರಕ್ಕೆ ಐದರ ಕೆಳಗೆ ತಂದರು. ಆದರೂ ಅದು ನಂಜಾದ ಮೇಲಿನ ಮದ್ದು.

ಇಂದು ಓಟಿಯಲ್ಲಿ ಕೊಡುವ ಮದ್ದಿನ ಹುಟ್ಟು ಮಾತ್ರ ಕರಾವಳಿಯವರು ಕೇಳಲೇಬೇಕಾದದ್ದು. ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿಯಲ್ಲಿ ಊರಿನ ಚರಂಡಿ ಸಮುದ್ರ ಸೇರುತ್ತಿದ್ದ ಜಾಗದಲ್ಲೇ ಜನ ಈಜುತ್ತಿದ್ದರು. ಆದರೂ ಅವರಿಗೆ ಟೈಫಾಯ್ಡ್ ಬರುವುದಿಲ್ಲವಲ್ಲ ಎಂಬ ಸಂಶಯ ಜುಸೆಪ್ಪೆ ಬ್ರೊಟ್ಸು ಎಂಬ ವೈದ್ಯರ ತಲೆಹೊಕ್ಕಿತು. 1945ರಲ್ಲಿ ಆ ಕೊಳಚೆ ನೀರಿನಿಂದಲೇ ಒಂದು ಬೂಸ್ಟನ್ನು ಬೇರ್ಪಡಿಸಿದರು. ರೋಗಾಣುಗಳು ಅದರ ಹತ್ತಿರ ಬೆಳೆಯಲಿಲ್ಲ. ಆಕ್ಸ್‌ಫರ್ಡಿನಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ 1950ರ ದಶಕದಲ್ಲಿ ಅದರಿಂದ ಸೆಫಲೋಸ್ಪೊರಿನ್ ತೆಗೆದರು. ಸಿಸೇರಿಯನ್‌ಗೆ ಮೊದಲ ಆಯ್ಕೆ ಎನಿಸಿದ ಸೆಫಜೊಲಿನ್, ನಮ್ಮಲ್ಲಿ ಅದಕ್ಕಿಂತ ಸುಲಭವಾಗಿ ಕೈಗೆ ಸಿಗುವ ಸೆಫೊಟ್ಯಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎಲ್ಲ ಅದೇ ಕುಲದವು.

ಮದ್ದು ಸಿಕ್ಕಿತು. ಕೊಡುವುದು ಯಾವಾಗ? ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ಬಿಡುವುದು ಮಳೆ ಹಿಡಿಯುವ ಮೊದಲು. ಗೊನೆ ಉದುರತೊಡಗಿದ ಮೇಲೆ ದೋಟಿ ಹಿಡಿದು ಓಡಾಡಿದರೆ ಕೂಲಿ ದಂಡ. ವೈದ್ಯಲೋಕಕ್ಕೆ ಇದೇ ಲೆಕ್ಕ ಖಚಿತವಾದದ್ದು 1961ರಲ್ಲಿ, ಬಾಸ್ಟನ್ನಿನ ಜಾನ್ ಬರ್ಕ್ ಗಿನಿಯಿಲಿಗಳ ಚರ್ಮಕ್ಕೆ ರೋಗಾಣು ಚುಚ್ಚಿ ನೋಡಿದಾಗ. ಮದ್ದು ಮೊದಲೇ ರಕ್ತದಲ್ಲಿದ್ದರೆ ಗಾಯ ಬೆಳೆಯಲಿಲ್ಲ. ಮೂರು ಗಂಟೆ ಕಳೆದು ಕೊಟ್ಟರೆ ಕೊಟ್ಟದ್ದೂ ಒಂದೇ, ಕೊಡದಿದ್ದದ್ದೂ ಒಂದೇ.

ಹೆರಿಗೆ ವೈದ್ಯರು ಇದನ್ನು ತಿಳಿದೂ ಬಹಳ ವರ್ಷ ತಡೆದರು. ಹೊಟ್ಟೆಯಲ್ಲಿ ಇನ್ನೊಂದು ಜೀವ ಇದೆಯಲ್ಲ. ಮದ್ದು ಮಾಸು ದಾಟಿ ಮಗುವಿಗೆ ಹೋಗುತ್ತದೆ. ಮಗುವಿಗೆ ಸೋಂಕಿದ್ದರೆ ಪರೀಕ್ಷೆಯಲ್ಲಿ ಅದು ಮುಚ್ಚಿಹೋಗಬಹುದು ಎಂಬ ಅಂಜಿಕೆ. ಹಾಗಾಗಿ ಹೊಕ್ಕುಳ ಬಳ್ಳಿಗೆ ಕ್ಲಾಂಪ್ ಬಿದ್ದ ಮೇಲೆಯೇ ಇಂಜೆಕ್ಷನ್. ಇದನ್ನು ಮೊಂಡುತನ ಎನ್ನಲಾರೆ, ಮಗುವಿನ ಮೇಲಿನ ಕಾಳಜಿ ಅದು. 2007ರ ಹೊತ್ತಿಗೆ ಅಮೆರಿಕದ ಸೌತ್ ಕ್ಯಾರೊಲೈನಾದಲ್ಲಿ ನಡೆದಂಥ ಅಧ್ಯಯನಗಳು ಕೊಯ್ಯುವ ಮೊದಲೇ ಕೊಟ್ಟರೆ ತಾಯಿಗೆ ಸೋಂಕು ಕಡಿಮೆ, ಮಗುವಿಗೆ ತೊಂದರೆಯೂ ಕಾಣದು ಎಂದವು. 2010ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ಕ್ರಮ ಬದಲಿಸಿತು: ಕೊಯ್ಯುವುದಕ್ಕೆ ಮೊದಲಿನ 60 ನಿಮಿಷದೊಳಗೆ. ವಿಶ್ವ ಆರೋಗ್ಯ ಸಂಸ್ಥೆಯೂ ಬ್ಲೇಡಿಗೆ ಮೊದಲೇ ಕೊಡಿ ಎನ್ನುತ್ತದೆ. ಲಾಭ ಸಣ್ಣದಲ್ಲ. 15,000ಕ್ಕೂ ಹೆಚ್ಚು ಹೆಂಗಸರ 95 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕೊಕ್ರೇನ್ ವಿಮರ್ಶೆಯ ಪ್ರಕಾರ, ಈ ಮದ್ದಿನಿಂದ ಗಾಯದ ಮತ್ತು ಗರ್ಭಕೋಶದ ಸೋಂಕು ನೂರಕ್ಕೆ 60ರಿಂದ 70ರಷ್ಟು ತಗ್ಗುತ್ತದೆ.

ನಮ್ಮ ಮೂರು ಊರುಗಳಿಗೆ ಇದರಲ್ಲಿ ಒಂದು ವಿಶೇಷ ಕಷ್ಟವಿದೆ, ಅದು ದಾರಿ. ಚಾರ್ಮಾಡಿ ಘಾಟಿಯ ಬುಡದ ಹಳ್ಳಿಯಿಂದ ಬೆಳ್ತಂಗಡಿಗೆ, ಅಲ್ಲಿ ಆಗದಿದ್ದರೆ ಬಿ.ಸಿ. ರೋಡ್ ದಾಟಿ ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗೆ. 2008ರಲ್ಲಿ 108 ಆಂಬುಲೆನ್ಸ್ ಬರುವ ಮೊದಲು ಯಾರದೋ ಜೀಪು. ‘ನೀರು ಹೋಗಿ’ ಗಂಟೆಗಳು ಕಳೆದಷ್ಟೂ ಕೆಳಗಿನ ರೋಗಾಣು ಗರ್ಭಕೋಶಕ್ಕೆ ಏರುತ್ತದೆ. ಇಂಥವರಿಗೆ, ನೋವು ಶುರುವಾಗಿಯೋ ನೀರು ಹೋಗಿಯೋ ಸಿಸೇರಿಯನ್ ಆದವರಿಗೆ, ಎಂದಿನ ಮದ್ದಿನ ಜೊತೆ ಅಜಿತ್ರೊಮೈಸಿನ್ ಸೇರಿಸಿದರೆ ಹೇಗೆ ಎಂದು ಅಮೆರಿಕದಲ್ಲಿ 2,013 ಹೆಂಗಸರಲ್ಲಿ ನೋಡಿದರು. ಸೋಂಕು ನೂರಕ್ಕೆ 12ರಿಂದ 6.1ಕ್ಕೆ ಇಳಿದದ್ದನ್ನು 2016ರಲ್ಲಿ ಪ್ರಕಟಿಸಿದರು. ಅದೇ ಮದ್ದಿನ ಮುಂದಿನ ಪರೀಕ್ಷೆ ನಮ್ಮ ಬೆಳಗಾವಿಗೂ ಬಂತು. ಸಹಜ ಹೆರಿಗೆಗೆ ಬಂದ 29,278 ಹೆಂಗಸರ ಏಳು ದೇಶಗಳ ಅಧ್ಯಯನದಲ್ಲಿ ಬೆಳಗಾವಿ, ನಾಗಪುರಗಳೂ ಇದ್ದವು. ಬಾಯಿಗೆ ಕೊಟ್ಟ ಒಂದೇ ಡೋಸಿನಿಂದ ತಾಯಿಯ ನಂಜು ಅಥವಾ ಸಾವು ನೂರಕ್ಕೆ 2.4ರಿಂದ 1.6ಕ್ಕೆ ಇಳಿಯಿತು. ಮಗುವಿನ ಮಟ್ಟಿಗೆ ಅಂಥ ಲಾಭ ಕಾಣಲಿಲ್ಲ.

ಇನ್ನೊಂದು ತುದಿಯಲ್ಲಿ ಡಿಸ್ಚಾರ್ಜ್ ದಿನದ ಪ್ಲಾಸ್ಟಿಕ್ ತೊಟ್ಟೆ. ಜ್ವರವಿಲ್ಲದ, ಗಾಯ ಒಣಗುತ್ತಿರುವ ತಾಯಿಗೆ ಕೊಯ್ಯುವ ಮೊದಲಿನ ಒಂದೇ ಡೋಸ್ ಸಾಕು, ಹಲವು ಡೋಸ್ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆದರೂ ಎಷ್ಟೋ ಕಡೆ ಐದು ದಿನದ ಮಾತ್ರೆ ತೊಟ್ಟೆಗೆ ಬೀಳುತ್ತದೆ. ವೈದ್ಯರ ಅಭ್ಯಾಸ ಒಂದು ಕಡೆ, ನಮ್ಮ ಒತ್ತಾಯ ಇನ್ನೊಂದು ಕಡೆ. “ಎಂತ ಮಾತ್ರೆಯೂ ಕೊಡ್ಲಿಲ್ವಾ? ನಂಜಾದ್ರೆ ಎಂತ ಮಾಡುದು?” ಎಂದು ಅತ್ತೆಯವರು ಕೇಳುವಾಗ ಬರಿಗೈಯಲ್ಲಿ ಕಳಿಸುವ ಧೈರ್ಯ ಯಾವ ಡಾಕ್ಟರಿಗಿದೆ? ಬೇಡದ ಮಾತ್ರೆ ತಿಂದು ಪಳಗಿದ ರೋಗಾಣು ಮುಂದಿನ ಬಾಣಂತಿಯ ಹಾಸಿಗೆಗೆ ಕಾಯುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಆಂಟಿಬಯಾಟಿಕ್ ಉಳಿದೆಲ್ಲದರ ತಪ್ಪು ಮುಚ್ಚುವುದೂ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ಡ್ರಿಪ್ಪಿನ ದ್ರಾವಣದ ಮೇಲೆ. ಇಂಥ ಅಪಾಯಕ್ಕೆ ಮೈಯೊಡ್ಡುವವರೂ ಕಡಿಮೆಯಿಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು 23.6 ಇತ್ತು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಶಸ್ತ್ರಕ್ರಿಯೆಯ ಸುರಕ್ಷತಾ ಪಟ್ಟಿಯಲ್ಲಿ ಬ್ಲೇಡ್ ತಾಗಿಸುವ ಮೊದಲು ಎಲ್ಲರೂ ನಿಂತು ಉತ್ತರಿಸಬೇಕಾದ ಒಂದು ಪ್ರಶ್ನೆಯಿದೆ: ಕಳೆದ 60 ನಿಮಿಷದೊಳಗೆ ಆಂಟಿಬಯಾಟಿಕ್ ಕೊಟ್ಟಾಗಿದೆಯೇ? ಆಯಿತು ಎಂದರೆ ನರ್ಸ್ ಕೇಸ್ ಶೀಟಿನಲ್ಲಿ ಗಂಟೆ, ನಿಮಿಷ ಬರೆದುಕೊಳ್ಳುತ್ತಾರೆ, ಮುಂಗೈಗೆ ಉರುಟು ಗೆರೆ ಎಳೆದ ಅದೇ ಬಾಲ್‌ಪೆನ್ನಿನಿಂದ.