ತಿಂದದ್ದೊಂದು, ರಕ್ತಕ್ಕಿಳಿದದ್ದು ಇನ್ನೊಂದು

ಜೋಳದ ರೊಟ್ಟಿಯ ಜೊತೆ ಗುದ್ದಿ ತಿನ್ನುವ ಈರುಳ್ಳಿಯಲ್ಲಿ ಕ್ವೆರ್ಸೆಟಿನ್ ಎಂಬ ವಸ್ತುವಿದೆ. ಚಹಾದ ಒಗರಿನ ಹಿಂದೆ ಕೆಟೆಚಿನ್‌ಗಳಿವೆ, ನೇರಳೆ ಹಣ್ಣಿನ ಬಣ್ಣಕ್ಕೆ ಆಂಥೋಸಯನಿನ್‌ಗಳು ಕಾರಣ. ಇವೆಲ್ಲ ಫ್ಲೇವನಾಯ್ಡ್ ಎಂಬ ಒಂದೇ ಕುಟುಂಬದವು. ಸಸ್ಯಗಳು ಬಿಸಿಲಿನ ಅತಿನೇರಳೆ ಕಿರಣಗಳಿಂದ ರಕ್ಷಣೆಗೆ, ಕೀಟಗಳನ್ನು ದೂರವಿಡಲು, ಹೂ ಹಣ್ಣುಗಳಿಗೆ ಬಣ್ಣ ಕೊಡಲು ಇವನ್ನು ತಯಾರಿಸಿಕೊಳ್ಳುತ್ತವೆ. ಈವರೆಗೆ ಗುರುತಿಸಿರುವ ಇಂಥ ಅಣುಗಳ ಸಂಖ್ಯೆ ಹಲವು ಸಾವಿರ. ಅಂಗಡಿಯ ಪೊಟ್ಟಣಗಳ ಮೇಲೆ ‘ಆಂಟಿ ಆಕ್ಸಿಡೆಂಟ್ ಭರಿತ’ ಎಂದು ಹೊಗಳಿಸಿಕೊಳ್ಳುವವೂ ಬಹುಮಟ್ಟಿಗೆ ಇವೇ. ಆದರೆ ನಮ್ಮ ದೇಹ ಇವನ್ನು ಪೋಷಕಾಂಶ ಎಂದು ಬರಮಾಡಿಕೊಳ್ಳುವುದಿಲ್ಲ. ಹೊರಗಿನಿಂದ ಬಂದ ರಾಸಾಯನಿಕವೆಂದೇ ಗುರುತಿಸಿ, ರೂಪ ಬದಲಿಸಿ, ಆಚೆ ಕಳಿಸುವ ಸಿದ್ಧತೆ ನಡೆಸುತ್ತದೆ.

ಈರುಳ್ಳಿಯ ಕ್ವೆರ್ಸೆಟಿನ್ ಒಂಟಿಯಾಗಿರುವುದಿಲ್ಲ, ಅದಕ್ಕೆ ಗ್ಲೂಕೋಸ್ ಅಂಟಿಕೊಂಡಿರುತ್ತದೆ. ಸಕ್ಕರೆ ಅಂಟಿದ ಫ್ಲೇವನಾಯ್ಡ್ ಕರುಳಿನ ಗೋಡೆಯನ್ನು ದಾಟಲಾರದು ಎಂಬುದು ಬಹುಕಾಲದ ನಂಬಿಕೆಯಾಗಿತ್ತು. 1995ರಲ್ಲಿ ನೆದರ್ಲೆಂಡ್ಸ್‌ನ ಪೀಟರ್ ಹಾಲ್‌ಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಕರುಳನ್ನು ತೆಗೆಸಿಕೊಂಡು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲಿನ ರಂಧ್ರಕ್ಕೆ ಜೋಡಿಸಿಕೊಂಡಿದ್ದ ಒಂಬತ್ತು ಮಂದಿ ಅದರಲ್ಲಿ ಪಾಲ್ಗೊಂಡರು. ಅಂಥವರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಉಳಿದವರಲ್ಲಿ ಹೀರಿಕೆಯಾಗದೆ ಮುಂದೆ ಸಾಗಿದ ಪಾಲನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಒಡೆದುಹಾಕುವುದರಿಂದ ಲೆಕ್ಕವೇ ಸಿಗುವುದಿಲ್ಲ. ಒಳಗೆ ಹೋದದ್ದರಲ್ಲಿ ಹೊರಬಂದದ್ದನ್ನು ಕಳೆದಾಗ, ಈರುಳ್ಳಿಯ ಕ್ವೆರ್ಸೆಟಿನ್‌ನಲ್ಲಿ ಶೇ. 52ರಷ್ಟು ಹೀರಿಕೆಯಾಗಿತ್ತು. ಸಕ್ಕರೆಯಿಲ್ಲದ ಶುದ್ಧ ಕ್ವೆರ್ಸೆಟಿನ್ ಕೊಟ್ಟಾಗ ಈ ಪ್ರಮಾಣ ಶೇ. 24. ಚಹಾದಲ್ಲೂ ಇರುವ ರುಟಿನ್ ಎಂಬ ರೂಪದಲ್ಲಿ ಕೊಟ್ಟಾಗ ಶೇ. 17 ಮಾತ್ರ. ತಡೆ ಎಂದುಕೊಂಡಿದ್ದ ಸಕ್ಕರೆಯೇ ದಾರಿ ಮಾಡಿಕೊಟ್ಟಿತ್ತು.

ಅದು ಹೇಗೆ ಎಂಬುದು ಮುಂದಿನ ವರ್ಷಗಳಲ್ಲಿ ತಿಳಿಯಿತು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ನಮ್ಮ ಸಣ್ಣ ಕರುಳಿನ ಒಳಮೈಯಲ್ಲಿದೆಯಲ್ಲ, ಅದೇ ಕ್ವೆರ್ಸೆಟಿನ್‌ಗೆ ಅಂಟಿದ ಗ್ಲೂಕೋಸನ್ನೂ ಕತ್ತರಿಸುತ್ತದೆ. ಜೀವಕೋಶದ ಪೊರೆಯ ಪಕ್ಕದಲ್ಲೇ ಬಿಡುಗಡೆಯಾದ ಕ್ವೆರ್ಸೆಟಿನ್ ಸಲೀಸಾಗಿ ಒಳಗೆ ಜಾರುತ್ತದೆ. ರುಟಿನ್‌ಗೆ ಅಂಟಿರುವುದು ಗ್ಲೂಕೋಸ್ ಜೊತೆ ರ‍್ಯಾಮ್ನೋಸ್ ಸೇರಿದ ಜೋಡಿ ಸಕ್ಕರೆ. ಅದನ್ನು ಬಿಡಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಕಿತ್ತಳೆಯ ಹೆಸ್ಪೆರಿಡಿನ್‌ನದೂ ಇದೇ ಪಾಡು. ಹೀಗಾಗಿ ಈರುಳ್ಳಿ ತಿಂದ ಒಂದು ಗಂಟೆಯೊಳಗೆ ಅದರ ಕ್ವೆರ್ಸೆಟಿನ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಿದರೆ, ರುಟಿನ್ ಮತ್ತು ಹೆಸ್ಪೆರಿಡಿನ್ ದೊಡ್ಡ ಕರುಳು ತಲುಪುವವರೆಗೆ ಹಲವು ಗಂಟೆ ಕಾಯಬೇಕು.

ಕರುಳಿನ ಗೋಡೆ ದಾಟಿತು ಎಂದರೆ ಕೆಲಸ ಮುಗಿಯಿತೆಂದಲ್ಲ. ಕರುಳಿನ ಜೀವಕೋಶಗಳು, ಆಮೇಲೆ ಯಕೃತ್ತು, ಕ್ವೆರ್ಸೆಟಿನ್‌ಗೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಮೀಥೈಲ್ ಗುಂಪನ್ನೋ ಜೋಡಿಸುತ್ತವೆ. ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲನ್ನು ದೇಹ ಸಾಗಹಾಕುವುದೂ ಬಹುಪಾಲು ಇದೇ ಮಾರ್ಗದಲ್ಲಿ. ಹೀಗೆ ಜೋಡಿಸಿದ ಮೇಲೆ ಅಣು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮೂತ್ರ ಅಥವಾ ಪಿತ್ತರಸದ ಮೂಲಕ ಹೊರಹೋಗುವುದು ಸುಲಭವಾಗುತ್ತದೆ. ಒಂದಷ್ಟು ಪಾಲನ್ನಂತೂ ಕರುಳಿನ ಜೀವಕೋಶಗಳು ಅಲ್ಲಿಂದಲೇ ಮರಳಿ ಕರುಳಿನೊಳಕ್ಕೆ ದೂಡುತ್ತವೆ. ಆದ್ದರಿಂದ ಈರುಳ್ಳಿ ತಿಂದವರ ರಕ್ತವನ್ನು ಪರೀಕ್ಷಿಸಿದರೆ ಮೂಲ ರೂಪದ ಕ್ವೆರ್ಸೆಟಿನ್ ಸಿಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಇರುವುದೆಲ್ಲ ಅದರ ಮಾರ್ಪಟ್ಟ ರೂಪಗಳು.

ದೊಡ್ಡ ಕರುಳಿನದು ಬೇರೆಯೇ ಲೋಕ. ಮನುಷ್ಯನ ಕಿಣ್ವಗಳಿಗೆ ಬಗ್ಗದ ಜೋಡಿ ಸಕ್ಕರೆಯನ್ನು ಅಲ್ಲಿನ ಬ್ಯಾಕ್ಟೀರಿಯಾ ಬಿಡಿಸುತ್ತವೆ. ಅಷ್ಟಕ್ಕೇ ನಿಲ್ಲದೆ ಫ್ಲೇವನಾಯ್ಡ್‌ನ ಉಂಗುರವನ್ನೇ ಒಡೆದು ಚಿಕ್ಕ ಚಿಕ್ಕ ಫೀನಾಲಿಕ್ ಆಮ್ಲಗಳನ್ನಾಗಿ ಮಾಡುತ್ತವೆ. ಇವು ರಕ್ತಕ್ಕೆ ಸೇರಿ, ಕೊನೆಗೆ ಮೂತ್ರದಲ್ಲಿ ಹೊರಬೀಳುತ್ತವೆ. ಚಹಾ ಕುಡಿಯುವವರ ಮೂತ್ರದಲ್ಲಿ ಹಿಪ್ಯೂರಿಕ್ ಆಮ್ಲ ಏರುವುದು ಇದರಿಂದಲೇ.

ಬ್ಯಾಕ್ಟೀರಿಯಾದ ಸಂಸಾರ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಸೋಯಾ ಅವರೆಯ ಡೈಡ್ಜೀನ್ ಎಂಬ ಫ್ಲೇವನಾಯ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಕೆಲವರ ಕರುಳಿನಲ್ಲಿ ಅದು ಈಸ್ಟ್ರೊಜೆನ್ ಹಾರ್ಮೋನನ್ನು ಹೋಲುವ ಈಕ್ವಾಲ್ ಆಗಿ ಬದಲಾಗುತ್ತದೆ. 1932ರಲ್ಲಿ ಗಬ್ಬದ ಕುದುರೆಯ ಮೂತ್ರದಲ್ಲಿ ಮೊದಲು ಸಿಕ್ಕ ವಸ್ತುವಿದು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಂದು ಜಾತಿಯ ಕ್ಲೋವರ್ ಹುಲ್ಲು ಮೇಯ್ದ ಕುರಿಗಳು ಗಬ್ಬ ಕಟ್ಟದೆ ಹೋದದ್ದಕ್ಕೂ ಕಾರಣ ಈಕ್ವಾಲೇ ಎಂದು ಮುಂದೆ ಗೊತ್ತಾಯಿತು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನ ಮಾತ್ರ ಇದನ್ನು ತಯಾರಿಸಬಲ್ಲರು, ಜಪಾನಿನಲ್ಲಿ ಅಂಥವರು ಅರ್ಧದಷ್ಟು. ಸೋಯಾದಿಂದ ಲಾಭವಾಯಿತು ಎಂದು ಒಂದು ಅಧ್ಯಯನ, ಇಲ್ಲ ಎಂದು ಮತ್ತೊಂದು ಹೇಳುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣವಿರಬಹುದು.

ಇನ್ನು ‘ಆಂಟಿ ಆಕ್ಸಿಡೆಂಟ್’ ಮಾತಿಗೆ ಬರೋಣ. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಕ್ವೆರ್ಸೆಟಿನ್ ವಿಟಮಿನ್ ಸಿಗೇ ಸಡ್ಡು ಹೊಡೆಯುತ್ತದೆ, ನಿಜ. ಆದರೆ ಊಟದ ನಂತರ ರಕ್ತದಲ್ಲಿ ಫ್ಲೇವನಾಯ್ಡ್‌ಗಳ ಪ್ರಮಾಣ ಲೀಟರಿಗೆ ಒಂದೆರಡು ಮೈಕ್ರೋಮೋಲ್ ದಾಟುವುದೇ ಅಪರೂಪ. ಅಲ್ಲಿ ವಿಟಮಿನ್ ಸಿ 50ರ ಆಸುಪಾಸಿನಲ್ಲಿ, ಯೂರಿಕ್ ಆಮ್ಲ 200ರಿಂದ 400ರವರೆಗೆ ಮೊದಲೇ ಇರುತ್ತದೆ. ಸೇಬು ತಿಂದ ಮೇಲೆ ರಕ್ತದ ಆಂಟಿ ಆಕ್ಸಿಡೆಂಟ್ ಶಕ್ತಿ ಏರುವುದೇಕೆಂದು ಅಮೆರಿಕದ ಓರೆಗಾನ್‌ನ ಸಂಶೋಧಕರು ಹುಡುಕಿದಾಗ, 2004ರಲ್ಲಿ ಸಿಕ್ಕ ಉತ್ತರ ಫ್ಲೇವನಾಯ್ಡ್ ಆಗಿರಲಿಲ್ಲ. ಹಣ್ಣಿನ ಫ್ರಕ್ಟೋಸ್‌ನಿಂದ ಯೂರಿಕ್ ಆಮ್ಲ ಹೆಚ್ಚಿದ್ದೇ ಅದಕ್ಕೆ ಕಾರಣವಾಗಿತ್ತು. ಆಹಾರಗಳಿಗೆ ಆಂಟಿ ಆಕ್ಸಿಡೆಂಟ್ ಅಂಕ ಕೊಡುತ್ತಿದ್ದ ‘ಒರಾಕ್’ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದ ತೆಗೆದೇಬಿಟ್ಟಿತು.

ಹಾಗೆಂದು ಫ್ಲೇವನಾಯ್ಡ್‌ಗಳು ನಿಷ್ಪ್ರಯೋಜಕ ಎನ್ನುವಂತಿಲ್ಲ. ಅವುಗಳ ಮಾರ್ಪಟ್ಟ ರೂಪಗಳು ರಕ್ತನಾಳಗಳ ಸಡಿಲಿಕೆಯಂಥ ಕ್ರಿಯೆಗಳಲ್ಲಿ ಕೈಯಾಡಿಸುವ ಸೂಚನೆಗಳಿವೆ. 21,442 ಹಿರಿಯರು ಪಾಲ್ಗೊಂಡಿದ್ದ ‘ಕಾಸ್ಮೋಸ್’ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಅವರಲ್ಲಿ ಅರ್ಧದಷ್ಟು ಜನರಿಗೆ ಕೋಕೋದ ಫ್ಲೇವನಾಲ್ ಎಂಬ ಫ್ಲೇವನಾಯ್ಡ್‌ಗಳನ್ನು ದಿನಕ್ಕೆ 500 ಮಿಲಿಗ್ರಾಂ ಕೊಡಲಾಗಿತ್ತು. ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಒಟ್ಟು ಸಂಖ್ಯೆಯಲ್ಲಿ ಖಚಿತವೆನ್ನಬಹುದಾದ ಇಳಿಕೆ ಕಾಣಲಿಲ್ಲ. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಾದ ಸಾವುಗಳು ಮಾತ್ರ ಶೇ. 27ರಷ್ಟು ಕಡಿಮೆಯಿದ್ದವು. ಭರವಸೆ ಇಟ್ಟುಕೊಳ್ಳಬಹುದು, ಬೀಗುವಂತಿಲ್ಲ.

ಅಡುಗೆಮನೆಗೆ ಇದರಿಂದ ಸಿಗುವ ಪಾಠ ಸರಳ. ಈರುಳ್ಳಿಯ ಕ್ವೆರ್ಸೆಟಿನ್ ಹೊರಪದರಗಳಲ್ಲೇ ಹೆಚ್ಚು, ಒಣಸಿಪ್ಪೆಯ ಜೊತೆ ಎರಡು ಪದರ ಸುಲಿದು ಎಸೆದರೆ ಅದೂ ಹೋಯಿತು. ಬೇಯಿಸಿದಾಗ ಒಂದಷ್ಟು ನೀರಿಗಿಳಿಯುತ್ತದೆ, ಸಾರು ಸಾಂಬಾರಿನಲ್ಲಿ ಆ ನೀರನ್ನು ನಾವು ಚೆಲ್ಲುವುದಿಲ್ಲ. ಊಟದ ಜೊತೆಗೇ ಚಹಾ ಕುಡಿದರೆ ಅದರ ಕೆಟೆಚಿನ್‌ನಂಥ ಪಾಲಿಫೀನಾಲ್‌ಗಳು ಸೊಪ್ಪು ಕಾಳುಗಳ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ರಕ್ತಹೀನತೆ ಇರುವವರು ಒಂದೆರಡು ಗಂಟೆ ಬಿಟ್ಟು ಕುಡಿಯುವುದು ಒಳ್ಳೆಯದು. ಇನ್ನು ಡಬ್ಬಿಯ ಮೇಲೆ ಇಷ್ಟು ಮಿಲಿಗ್ರಾಂ ಫ್ಲೇವನಾಯ್ಡ್ ಎಂದು ಬರೆದ ಮಾತ್ರೆ ಕೊಳ್ಳುವ ಮುನ್ನ ನೆನಪಿಡಬೇಕಾದದ್ದು ಒಂದಿದೆ: ಆ ಅಂಕಿ ಹೇಳುವುದು ಬಾಯಿಗೆ ಹೋಗುವ ಲೆಕ್ಕ ಮಾತ್ರ, ರಕ್ತಕ್ಕೆ ಯಾವ ರೂಪದಲ್ಲಿ ಎಷ್ಟು ಇಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಕರುಳು, ಯಕೃತ್ತು ಮತ್ತು ಬ್ಯಾಕ್ಟೀರಿಯಾ.